ಕೆರೆಯಂಗಳದ ಕಾಲ್ಚೆಂಡು

ಚಿತ್ರದುರ್ಗದ ಸೀಮೆಯವರು ಬೆಂಗಳೂರಿಗೆ ಹೋಗುವುದಕ್ಕೆ ಕಾರಣಗಳು ಬಹಳವಿಲ್ಲ. ಹೈಕೋರ್ಟಿನಲ್ಲಿ ವ್ಯಾಜ್ಯವಿರಬೇಕು; ಇಲ್ಲವೆ ಮನೆಯಲ್ಲಿ ಯಾರಿಗಾದರೂ ದೊಡ್ಡ ಆಸ್ಪತ್ರೆಯ ಅಗತ್ಯ ಬಿದ್ದಿರಬೇಕು; ಇಲ್ಲವೆ ಯಾವುದೋ ಕಚೇರಿಯಲ್ಲಿ ಕಾಗದವೊಂದು ನಿದ್ದೆಹೋಗಿ ಅದನ್ನು ಎಬ್ಬಿಸಬೇಕಾಗಿರಬೇಕು. ಹಿರಿಯೂರಿನ ಬಸ್ಸು ನಿಲ್ದಾಣದಲ್ಲಿ ಒಂದು ಬೆಳಗು ನಿಂತು ನೋಡಿದರೆ, ಬೆಂಗಳೂರಿನ ಬಂಡಿ ಹತ್ತುವವರ ಕೈಯನ್ನು ನೋಡಿಯೇ ಅವರವರ ಕಾರ್ಯವನ್ನು ಊಹಿಸಬಹುದು. ದೊಡ್ಡ ಲಕೋಟೆ ಹಿಡಿದವರು ಆಸ್ಪತ್ರೆಗೆ, ಕಂಕುಳಲ್ಲಿ ಕಡತವಿದ್ದವರು ಕಚೇರಿಗೆ, ತೆಂಗಿನಕಾಯಿಯ ಚೀಲ ಹೊತ್ತವರು ಮಗಳ ಮನೆಗೆ. ಕಾಲ್ಚೆಂಡಾಟವನ್ನು ನೋಡಿಬರುವುದಕ್ಕೆಂದು ಹೊರಟವರು ಆ ಗುಂಪಿನಲ್ಲಿ ಇರುವುದು ಅಪೂರ್ವ. ಅದರಲ್ಲಿಯೂ ವಯಸ್ಸು ಎಪ್ಪತ್ತೆಂಟಾಗಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕೊಡೆ ಹಿಡಿದವರು ಹಾಗೆ ಹೊರಟರೆಂದರೆ ಊರಿನವರು ನಗದೆ ಇರುವುದು ಹೇಗೆ?

೨೦೨೩ನೆಯ ಇಸವಿಯ ಜೂನ್ ತಿಂಗಳ ಮೂರನೆಯ ವಾರದಲ್ಲಿ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಿಂದ ಹೊರಟ ಆ ಹಿರಿಯರು ನಿವೃತ್ತ ಮುಖ್ಯೋಪಾಧ್ಯಾಯರು. ಅವರ ಹೆಸರನ್ನು ಊರಿನವರು ಬಳಸಿ ಎಷ್ಟೋ ವರ್ಷಗಳಾದುವು, ಮೇಷ್ಟರೆಂದರೆ ಅವರೇ. ಹಳ್ಳಿಯ ಮೂರು ತಲೆಮಾರಿನವರು ಅವರ ಕೈಯಲ್ಲಿ ಮಗ್ಗಿ ಕಲಿತವರು. ಹೋಗುವುದಕ್ಕೆ ಅವರು ಹೇಳಿದ ಕಾರಣ ಒಂದು. ಹೇಳದೆ ಇದ್ದುದು ಇನ್ನೊಂದು.

ಹೇಳಿದ ಕಾರಣವು ಇದು. ಆ ವರ್ಷ ಮಾರ್ಚ್ ೪ರಂದು ಅರಬರ ರಿಯಾದ್ ಪಟ್ಟಣದಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು ೩-೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಅದಕ್ಕೆ ಹಿಂದೆ ಆ ಪಾತ್ರೆ ಈ ನಾಡಿಗೆ ಬಂದದ್ದು ೧೯೬೮-೬೯ರಲ್ಲಿ. ಆಗ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿರಲಿಲ್ಲ, ಮೈಸೂರೆಂದೇ ಕರೆಯುತ್ತಿದ್ದರು. ಮೇಷ್ಟರು ಆಗತಾನೆ ಕೆಲಸಕ್ಕೆ ಸೇರಿದ ಹುಡುಗ. ಬಂಗಾಳದವರನ್ನು ಸೋಲಿಸಿದ ಸುದ್ದಿಯನ್ನು ಮಾರನೆಯ ದಿನದ ಪತ್ರಿಕೆಯಲ್ಲಿ ಓದಿ, ತರಗತಿಯ ಹುಡುಗರಿಗೆ ಅರ್ಧ ದಿನ ರಜಾ ಕೊಟ್ಟು, ಇನ್‌ಸ್ಪೆಕ್ಟರಿಂದ ವಿವರಣೆ ಕೇಳಿಸಿಕೊಂಡವರು. ಐವತ್ತನಾಲ್ಕು ವರ್ಷಗಳ ಮೇಲೆ ಅದೇ ಸುದ್ದಿಯನ್ನು ಮತ್ತೊಮ್ಮೆ ಓದಿದಾಗ, ಆಯುಷ್ಯವಿರುವಾಗಲೇ ಒಂದು ದೊಡ್ಡ ಪಂದ್ಯವನ್ನು ಕಣ್ಣಾರೆ ಕಂಡುಬಿಡಬೇಕೆಂದು ಅವರಿಗೆ ಅನ್ನಿಸಿತು. ಬೆಂಗಳೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ ಮಗಳ ಮಗನು, ಜೂನ್ ೨೧ರಂದು ಕಂಠೀರವ ಕ್ರೀಡಾಂಗಣದಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಆಟವುಂಟೆಂದು ತಿಳಿಸಿ, ಎರಡು ಟಿಕೀಟುಗಳನ್ನು ಕೊಂಡಿಟ್ಟನು.

ಹೇಳದೆ ಇದ್ದ ಕಾರಣಕ್ಕೆ ಸ್ವಲ್ಪ ವಿವರಣೆ ಬೇಕು. ಅವರ ಹಳ್ಳಿಗೆ ಆಟದ ಬಯಲಿಲ್ಲ. ಹುಡುಗರು ಆಡುತ್ತಿದ್ದುದು ಸುಗ್ಗಿಯಿಲ್ಲದಾಗ ಕಣದಲ್ಲಿ, ಉಳಿದಾಗ ರಸ್ತೆಯ ಮೇಲೆ. ಹಿಂದಿನ ವರ್ಷ ಚೆಂಡಿನ ಬೆನ್ನುಹತ್ತಿ ಓಡಿದ ಹುಡುಗನೊಬ್ಬನು ಲಾರಿಗೆ ಸಿಕ್ಕು ಕಾಲು ಮುರಿದುಕೊಂಡನು. ಅದಾದ ಮೇಲೆ ಊರಿನಲ್ಲಿ ಒಂದು ಮಾತು ಹುಟ್ಟಿತು: ಕೆರೆಯ ಮೇಲಂಗಳವನ್ನು ಮಟ್ಟಮಾಡಿ ಬಯಲನ್ನಾಗಿ ಮಾಡಬಾರದೇಕೆ? ಆ ಕೆರೆ ತುಂಬಿದ್ದನ್ನು ಊರಿನ ಯುವಕರಾರೂ ಕಂಡಿರಲಿಲ್ಲ. ೨೦೨೨ರ ದೊಡ್ಡ ಮಳೆಯಲ್ಲಿಯೂ ನೀರು ನಿಂತದ್ದು ಏರಿಯ ಬುಡದ ತಗ್ಗಿನಲ್ಲಿ ಮಾತ್ರ. ಮೇಲಂಗಳದಲ್ಲಿ ನಾಲ್ಕು ದಿನ ಪಸೆಯಿದ್ದು ಆಮೇಲೆ ಜಾಲಿ ಚಿಗುರಿತು. ಮೊಣಕಾಲಿಗೆ ಪಟ್ಟಿ ಕಟ್ಟಿದ ಹುಡುಗನ ತಂದೆಯೇ ಮುಂದೆ ನಿಂತು ಅರ್ಜಿ ಬರೆಸಿದನು. ಎಲ್ಲರೂ ರುಜು ಹಾಕಿದರು. ಮೇಷ್ಟರ ರುಜು ಬಿದ್ದರೆ ಅರ್ಜಿಗೆ ತೂಕ ಬರುವುದೆಂದು ಕಾಗದವನ್ನು ಅವರ ಮನೆಗೆ ತಂದಿಟ್ಟರು. ಅವರು "ನೋಡೋಣ" ಎಂದರು. ಕಾಗದವು ಪಂಚಾಂಗದೊಳಗೆ ಮೂರು ವಾರ ಇತ್ತು. ಬೆಂಗಳೂರಿಗೆ ಹೊರಟ ದಿನ ಅದು ಅವರ ಜೇಬಿನಲ್ಲಿತ್ತು.

ಹೊಸದುರ್ಗದಿಂದ ಹಿರಿಯೂರಿಗೆ ಬರುವವರಿಗೆ ವಾಣಿವಿಲಾಸ ಸಾಗರವನ್ನು ನೆನೆಯದೆ ದಾರಿ ಸಾಗುವುದಿಲ್ಲ. ವೇದಾವತಿಗೆ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ಅಡ್ಡಗಟ್ಟಿದ ಈ ಅಣೆಕಟ್ಟಿನ ಕೆಲಸ ೧೮೯೮ರಲ್ಲಿ ತೊಡಗಿ ೧೯೦೭ರಲ್ಲಿ ಮುಗಿಯಿತು. ಕಟ್ಟಿದ ಮೇಲೆ ಅದು ಮೊದಲ ಸಲ ತುಂಬಿ ಕೋಡಿಬಿದ್ದದ್ದು ೧೯೩೩ರಲ್ಲಿ. ಎರಡನೆಯ ಸಲ ೨೦೨೨ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ! ಒಬ್ಬ ಮನುಷ್ಯನು ಹುಟ್ಟಿ, ಬೆಳೆದು, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಆ ಕೋಡಿಯಲ್ಲಿ ನೀರು ಹರಿದುದನ್ನು ಮಾತ್ರ ಕಾಣದೆ ತೀರಿಹೋಗುವಷ್ಟು ಕಾಲ. ಅದು ಇನ್ನು ತುಂಬುವುದೇ ಇಲ್ಲವೆಂದು ಲೆಕ್ಕ ಹಾಕಿ ತೋರಿಸಿದ ಬುದ್ಧಿವಂತರು ಆ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದರು. ತುಂಬಿದಾಗ ನಾಲ್ಕು ತಾಲ್ಲೂಕಿನ ಜನ ಬಂಡಿ ಕಟ್ಟಿಕೊಂಡು, ಬಸ್ಸು ಹಿಡಿದು, ಕೂಸುಗಳನ್ನು ಹೆಗಲ ಮೇಲೆ ಹೊತ್ತು ಬಂದು ನೋಡಿದರು. ಹಿನ್ನೀರಿನ ಹಳ್ಳಿಗಳವರು ಮಾತ್ರ ತೋಟ ಮುಳುಗಿದುದನ್ನು ನೋಡುತ್ತ ನಿಂತರು. ನೀರಿಲ್ಲದ ದುಃಖವನ್ನೇ ಬಲ್ಲ ಸೀಮೆಗೆ ನೀರು ಬಂದಾಗಿನ ದುಃಖ ಹೊಸದು.

ಮೇಷ್ಟರು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಎದುರುಗೊಂಡ ಮೊಮ್ಮಗನು ಕಾಲಿಗೆರಗಿ, ಚೀಲವನ್ನು ತೆಗೆದುಕೊಂಡು, ನಗುತ್ತ ಹೇಳಿದನು:

"ತಾತ, ನೀವು ಈಗ ನಿಂತಿರೋದು ಕೆರೆಯೊಳಗೆ."

"ಏನಪ್ಪ ಹಾಗಂದರೆ?"

"ಇದು ಧರ್ಮಾಂಬುಧಿ ಕೆರೆ. ನಿಮ್ಮ ಬಸ್ಸು ಬಂದು ನಿಂತದ್ದು ಅದರ ಅಂಗಳದಲ್ಲಿ. ಸಾಯಂಕಾಲ ನಾವು ಆಟ ನೋಡುವುದು ಸಂಪಂಗಿ ಕೆರೆಯಲ್ಲಿ."

ಹುಡುಗನು ಹೇಳಿದುದು ತಮಾಷೆಯಲ್ಲ. ಬೆಂಗಳೂರು ನದಿಯಿಲ್ಲದ ಎತ್ತರದ ಊರು. ೧೫೩೭ರಲ್ಲಿ ಕೆಂಪೇಗೌಡನು ಕೋಟೆ ಕಟ್ಟಿದಾಗ ಊರಿಗೆ ನೀರು ಬೇಕೆಂದು ಕೆರೆಗಳನ್ನೂ ಕಟ್ಟಿಸಿದನು. ಆಮೇಲೆ ಬಂದವರು ಅವನ್ನು ಹೆಚ್ಚಿಸಿದರು. ಒಂದರ ಕೋಡಿ ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ. ದುರ್ಗದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡವು ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ ಹರಿದು, ಅಲ್ಲಿಂದ ಕೆಳಗಿಳಿದು ಪೇಟೆಯ ಸಂತೆಹೊಂಡದವರೆಗೆ ಬರುವ ಏರ್ಪಾಡನ್ನು ಅವರು ಚಿಕ್ಕಂದಿನಿಂದ ಬಲ್ಲರು. ಬೆಂಗಳೂರಿನಲ್ಲಿ ೧೮೯೬ರ ಹೊತ್ತಿಗೆ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯದು ಬಂದಿತು. ೧೯೭೪ರಲ್ಲಿ ಕಾವೇರಿಯೇ ಬೆಟ್ಟ ಹತ್ತಿ ಬಂದಳು. ನಲ್ಲಿಯಲ್ಲಿ ನೀರು ಬಂದ ಮೇಲೆ ಮನೆಯ ಮುಂದಿನ ಕೆರೆ ಯಾರಿಗೆ ಬೇಕು? ಅದು ಸೊಳ್ಳೆಯ ತವರು, ದುರ್ವಾಸನೆಯ ಮಡು, ಬೆಲೆಬಾಳುವ ಜಾಗ. ಧರ್ಮಾಂಬುಧಿಯು ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯು ಕಂಠೀರವ ಕ್ರೀಡಾಂಗಣವಾಯಿತು. ಅಶೋಕನಗರದ ಕಡೆಯ ಶೂಲೆ ಕೆರೆಯಲ್ಲಿ ಕಾಲ್ಚೆಂಡಿನ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿಯ ಕೆರೆಯಲ್ಲಿ ಹಾಕಿಯ ಅಂಗಣ. ಆಟವಾಡುವುದಕ್ಕೆ ಕೆರೆಯೇ ಆಗಬೇಕೆಂದು ಬೆಂಗಳೂರಿನವರು ವ್ರತ ಹಿಡಿದಿದ್ದರೋ ಎಂದು ಕೇಳಬೇಕು. ಕಾರಣ ಸರಳವಾದುದು. ಮಟ್ಟವಾಗಿ, ವಿಶಾಲವಾಗಿ, ಯಾರ ಪಟ್ಟಾವೂ ಇಲ್ಲದೆ ಊರ ನಡುವೆ ಬಿದ್ದಿದ್ದ ಜಾಗವು ಕೆರೆಯಂಗಳವೊಂದೇ.

ಮೇಷ್ಟರು ಜೇಬಿನ ಮೇಲೆ ಕೈಯಿಟ್ಟುಕೊಂಡರು. ಮೊಮ್ಮಗನಿಗೆ ಅದರೊಳಗಿನ ಕಾಗದದ ವಿಷಯ ತಿಳಿಯದು.

ಐದು ಗಂಟೆಯ ಹೊತ್ತಿಗೆ ಇಬ್ಬರೂ ಮೆಟ್ರೋ ರೈಲಿನಿಂದ ಇಳಿದು ಕಬ್ಬನ್ ಪಾರ್ಕಿನ ಮರಗಳ ನಡುವೆ ನಡೆದು ಬಂದರು. ಮೋಡ ಕವಿದಿತ್ತು. ಕ್ರೀಡಾಂಗಣದ ಮಗ್ಗುಲಲ್ಲಿ ಇನ್ನೂ ಒಂದು ಸಣ್ಣ ಕೊಳ ಉಳಿದಿರುವುದೆಂದು ಹುಡುಗನು ಹೇಳಿದುದರಿಂದ ಹಿರಿಯರು ಮೊದಲು ಅಲ್ಲಿಗೇ ಹೋಗಬೇಕೆಂದರು. ಸಂಪಂಗಿ ಕೆರೆಯಲ್ಲಿ ಉಳಿದಿರುವುದು ಇಷ್ಟೇ: ನಾಲ್ಕು ಕಡೆ ಕಟ್ಟೆಯ ಕೊಳ. ಅದೂ ಉಳಿದದ್ದು ಕರಗದ ದೆಸೆಯಿಂದ. ವರ್ಷಕ್ಕೊಮ್ಮೆ ಚೈತ್ರದಲ್ಲಿ ನಡೆಯುವ ಬೆಂಗಳೂರು ಕರಗದಲ್ಲಿ ಹಸಿ ಕರಗದ ವಿಧಿಗೆ ಈ ಜಾಗವೇ ಆಗಬೇಕು. ಕರಗವನ್ನು ಹೊರುವ ತಿಗಳರೇ ಹಿಂದೆ ಈ ಕೆರೆಯ ನೀರನ್ನು ನೆಚ್ಚಿ ಹೂವು ತರಕಾರಿಗಳನ್ನು ಬೆಳೆದು ಊರಿಗೆ ಒದಗಿಸುತ್ತಿದ್ದವರು. ಸೊಪ್ಪಿನ ಮಡಿಗಳು ಹೋದುವು, ಕೆರೆಯು ಹೋಯಿತು. ದೇವರ ಕಾರ್ಯಕ್ಕೆ ಬೇಕಾದಷ್ಟು ನೀರನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಮೇಷ್ಟರು ಆ ಕೊಳವನ್ನೂ, ಅದರಾಚೆ ಆಕಾಶಕ್ಕೆ ಎದ್ದುನಿಂತ ದೀಪದ ಕಂಬಗಳನ್ನೂ ಬಹಳ ಹೊತ್ತು ನೋಡಿದರು. "ದೇವರಿಗೆ ಇಷ್ಟು ಸಾಕೇನಪ್ಪ?" ಎಂದು ಕೇಳಿದರು. ಹುಡುಗನು ಉತ್ತರ ಹೇಳಲಿಲ್ಲ. ಹೊತ್ತಾಗುತ್ತದೆಂದು ಕೈಹಿಡಿದು ಕರೆದುಕೊಂಡು ಹೋದನು.

ಕಂಠೀರವನೆಂದರೆ ಸಿಂಹ. ಹಳೆಯ ಮೈಸೂರಿನವರಿಗೆ ಆ ಮಾತು ಕಿವಿಗೆ ಬಿದ್ದೊಡನೆ ೧೬೩೮ರಿಂದ ೧೬೫೯ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯನು ನೆನಪಾಗುವನು. ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಕೆಡವಿ ಬಂದನೆಂದು ಕಥೆ ಹೇಳುವ ಅರಸು. ದುರ್ಗದವರಿಗಾದರೋ ಮೈಸೂರಿನ ಹೆಸರಿನ ಸಂಗಡ ಬೇರೊಂದು ನೆನಪು ಹತ್ತಿಕೊಂಡು ಬರುವುದು: ೧೭೭೯ರಲ್ಲಿ ಹೈದರಾಲಿಯು ಮದಕರಿನಾಯಕನಿಂದ ಕೋಟೆಯನ್ನು ಹಿಡಿದದ್ದು. ಏಳು ಸುತ್ತಿನ ಕೋಟೆಯವರು ಸಿಂಹದ ಗುಹೆಗೆ ಟಿಕೀಟು ಕೊಂಡು ಹೋಗುವ ಕಾಲ ಬಂದಿತೆಂದು ಮೇಷ್ಟರು ಬಾಗಿಲಲ್ಲಿ ನಕ್ಕರು.

ಒಳಗೆ ಬಂದು ಮೆಟ್ಟಿಲು ಹತ್ತಿ ಮೇಲೆ ನಿಂತಾಗ ಆ ನಗು ನಿಂತುಹೋಯಿತು. ಆಟದ ಬಯಲನ್ನು ಪತ್ರಿಕೆಯ ಚಿತ್ರದಲ್ಲಿ ಕಂಡಿದ್ದವರಿಗೆ ಅದರ ಹಸಿರು ಇಷ್ಟೆಂದು ತಿಳಿದಿರಲಿಲ್ಲ. ದೀಪದ ಬೆಳಕಿನಲ್ಲಿ ಅದು ನಾಟಿಯಾದ ಗದ್ದೆಯಂತೆ ಹೊಳೆಯುತ್ತಿತ್ತು. ಸುತ್ತಲೂ ಓಟಗಾರರ ಕೆಂಪು ಹಾದಿ. ಅದರಿಂದಾಚೆಗೆ ಬಟ್ಟಲಿನ ಅಂಚಿನಂತೆ ಏರಿದ ಸಾಲುಸಾಲು ಆಸನಗಳು. ಓಟದ ಹಾದಿ ನಡುವೆ ಬಂದುದರಿಂದ ಆಟಗಾರರು ಸ್ವಲ್ಪ ದೂರವಾಗುತ್ತಾರೆಂದು ಬಲ್ಲವರು ಗೊಣಗುವುದುಂಟು. ಅದು ನಿಜ. ಆದರೆ ಊರಿಗೆ ಒಂದೇ ದೊಡ್ಡ ಅಂಗಣವಿದ್ದಾಗ ಓಡುವವರೂ ಒದೆಯುವವರೂ ಹಂಚಿಕೊಂಡೇ ಬಾಳಬೇಕು. ಅಷ್ಟೇ ಅಲ್ಲ, ಇಲ್ಲಿ ೧೯೯೭ರ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಮಂತ್ರಿಮಂಡಲದವರು ಪ್ರಮಾಣವಚನ ತೆಗೆದುಕೊಂಡರು. ೨೦೦೬ರಲ್ಲಿ ರಾಜಕುಮಾರರ, ೨೦೨೧ರಲ್ಲಿ ಅವರ ಕಿರಿಯ ಮಗ ಪುನೀತರ ಕಳೇಬರಗಳನ್ನು ಜನ ಸಾಲುನಿಂತು ಕಂಡು ಅತ್ತದ್ದೂ ಇಲ್ಲಿಯೇ. ಊರು ನಗುವುದಕ್ಕೂ ಅಳುವುದಕ್ಕೂ ಸೇರುವ ಜಾಗ. ಹಳ್ಳಿಗಳಲ್ಲಿ ಹಿಂದೆ ಆ ಕೆಲಸವನ್ನು ಮಾಡುತ್ತಿದ್ದದ್ದು ಕೆರೆಯ ಏರಿ.

ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು. ಮೇಷ್ಟರ ಎಡಗಡೆಗೆ ಅವರಷ್ಟೇ ವಯಸ್ಸಿನ ಒಬ್ಬರು ಕುಳಿತಿದ್ದರು, ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ, ಆಟದ ಮಾತು ಇಂಗ್ಲಿಷು. ಎರಡು ನಿಮಿಷದಲ್ಲಿ ಪರಿಚಯವಾಯಿತು. ಐದು ನಿಮಿಷದಲ್ಲಿ ಸ್ನೇಹ. ಮೊಮ್ಮಗನಿಗೆ ಗೊತ್ತಿಲ್ಲದ ಬೆಂಗಳೂರನ್ನು ಅವರು ಹೇಳತೊಡಗಿದರು.

ಈ ಊರಿನ ಕಾಲ್ಚೆಂಡಿನ ಚರಿತ್ರೆಯನ್ನು ಕೇಳಿದರೆ ಆಶ್ಚರ್ಯವಾಗುವುದು. ದಂಡಿನ ಗೋರಾ ಸಿಪಾಯಿಗಳು ಬೂಟುಗಾಲಿನಲ್ಲಿ ಆಡುತ್ತಿದ್ದ ಆಟವನ್ನು ದಂಡುಪ್ರದೇಶದ ಬಡ ಓಣಿಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ಮುಂಬಯಿಗೆ ಹೋಗಿ, ಅದುವರೆಗೆ ಯಾವ ದೇಶೀಯ ತಂಡವೂ ಗೆಲ್ಲದಿದ್ದ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. ಮರುವರ್ಷವೂ ಅದನ್ನು ಕೈಬಿಡಲಿಲ್ಲ. ಸ್ವತಂತ್ರ ಭಾರತವು ೧೯೪೮ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ, ಜುಲೈ ೩೧ರಂದು ಫ್ರಾನ್ಸಿನ ಮೇಲೆ ದೇಶದ ಮೊತ್ತಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದಲ್ಲಿ ಹೆಚ್ಚು ಜನ ಬರಿಗಾಲಿನವರು. ಸಿಕ್ಕಿದ ಎರಡು ಪೆನಾಲ್ಟಿಗಳು ವ್ಯರ್ಥವಾಗಿ ಆ ಪಂದ್ಯವು ೨-೧ರಿಂದ ಕೈತಪ್ಪಿತು. ಅದೇ ತಂಡದ ಅಹ್ಮದ್ ಖಾನರೂ ಬೆಂಗಳೂರಿನವರೇ. ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋಗಿ ಅಲ್ಲಿಯ ಜನರಿಂದ 'ಪಂಚಪಾಂಡವ'ರಲ್ಲಿ ಒಬ್ಬರೆನ್ನಿಸಿಕೊಂಡರು. ಮೈಸೂರು ತಂಡವು ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯, ಹೀಗೆ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತು. ನಾಲ್ಕು ಸಲವೂ ಸೋತವರು ಬಂಗಾಳದವರು.

"ಆಮೇಲೆ ಐವತ್ತನಾಲ್ಕು ವರ್ಷ ಯಾಕೆ ಬರಲಿಲ್ಲ ಸ್ವಾಮಿ?" ಎಂದು ಮೇಷ್ಟರು ಕೇಳಿದರು.

ಕಾರ್ಖಾನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಆಡಿದೋರಿಗೆ ನಮ್ಮ ಫ್ಯಾಕ್ಟರೀಲಿ ಕೆಲಸ ಸಿಗ್ತಿತ್ತು ಸಾರ್. ಐ.ಟಿ.ಐ., ಎಚ್.ಎ.ಎಲ್. ಎಲ್ಲಾ ಕಡೆ ಟೀಮು. ಕೆಲಸ ಮುಗಿಸಿ ಅಶೋಕನಗರದ ಗ್ರೌಂಡಿಗೆ ಓಡೋದು. ಫ್ಯಾಕ್ಟರಿ ಸಣ್ಣದಾಯ್ತು, ಟೀಮೂ ಹೋಯ್ತು. ಹುಡುಗ ಆಡಿ ಏನು ತಿಂತಾನೆ?" ಎಂದರು. ಇನ್ನೂ ಒಂದು ಮಾತು ಹೇಳಿದರು: "ನಮ್ಮ ಓಣಿ ಪಕ್ಕ ಒಂದು ಬಯಲಿತ್ತು. ಅದರಲ್ಲಿ ಆಡಿದೋರು ಇಂಡಿಯಾಕ್ಕೆ ಆಡಿದರು. ಈಗ ಅಲ್ಲಿ ಮೂರು ಅಂತಸ್ತಿನ ಕಟ್ಟಡ. ಬಯಲು ಹೋದರೆ ಆಟ ಹೋಯ್ತು ಸಾರ್."

ಮೇಷ್ಟರು ಇದನ್ನು ಬಹಳ ಗಮನವಿಟ್ಟು ಕೇಳಿದರು. ಕೊಳದ ಕಟ್ಟೆಯ ಮೇಲೆ ನಿಂತಾಗ ಅವರ ಮನಸ್ಸು ಒಂದು ಕಡೆಗೆ ವಾಲಿತ್ತು. ಈಗ ಇನ್ನೊಂದು ಕಡೆಗೆ ಜಗ್ಗಿತು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಹೊಳಲ್ಕೆರೆಯ ಸೀಮೆಯಲ್ಲಿ ಯೋಗವನ್ನೂ ವ್ಯಾಯಾಮವನ್ನೂ ಒಂದು ಜೀವಮಾನವೆಲ್ಲ ಕಲಿಸಿದ್ದನ್ನು ಬಲ್ಲ ಸೀಮೆಯವರು ಅವರು. ಮೈಮುರಿದು ಆಡುವ ಹುಡುಗನು ಹೆಂಡದಂಗಡಿಯ ದಾರಿಯನ್ನೂ ಜೂಜುಕಟ್ಟೆಯ ದಾರಿಯನ್ನೂ ತಡವಾಗಿ ಕಲಿಯುವನೆಂಬುದು ಅವರ ನಲವತ್ತು ವರ್ಷದ ಉಪಾಧ್ಯಾಯ ವೃತ್ತಿಯ ಅನುಭವ. ಕಾಲು ಮುರಿದುಕೊಂಡ ಹುಡುಗನ ತಂದೆಗೆ ಏನೆಂದು ಹೇಳುವುದು?

ಏಳೂವರೆಗೆ ಆಟ ಪ್ರಾರಂಭವಾಯಿತು. ಎರಡು ದೇಶಗಳ ಗೀತೆಗಳೂ ಆದುವು. ಪಾಕಿಸ್ತಾನದ ತಂಡದವರಿಗೆ ಪ್ರವೇಶಪತ್ರವು ತಡವಾಗಿ ದೊರೆತು, ಅವರು ಮಾರಿಷಸ್ಸಿನಿಂದ ಬೆಂಗಳೂರಿಗೆ ಬಂದು ಮುಟ್ಟಿದ್ದು ಪಂದ್ಯದ ದಿನವೇ. ದಣಿದ ಕಾಲುಗಳಿಗೆ ಅದು ನ್ಯಾಯವಾಗಿರಲಿಲ್ಲ. ಹತ್ತನೆಯ ನಿಮಿಷದಲ್ಲಿ ಅವರ ಗೋಲ್ ಕಾಯುವವನು ತನ್ನವರೇ ಹಿಂದಕ್ಕೆ ಕೊಟ್ಟ ಚೆಂಡನ್ನು ಕಾಲಿನಲ್ಲಿ ಹಿಡಿತಕ್ಕೆ ತಂದುಕೊಳ್ಳಲಾರದೆ ತಡವರಿಸಿದನು. ಸುನಿಲ್ ಛೇತ್ರಿಯವರು ಅಲ್ಲಿ ಇದ್ದರು. ಅವರು ೨೦೧೩ರಲ್ಲಿ ಬೆಂಗಳೂರಿನ ಹೊಸ ತಂಡಕ್ಕೆ ನಾಯಕರಾಗಿ ಬಂದವರು. ೨೦೧೬ರ ಅಕ್ಟೋಬರಿನಲ್ಲಿ ಇದೇ ಬಯಲಿನಲ್ಲಿ ಮಲೇಶಿಯದ ಜೊಹೊರ್ ತಂಡದ ಮೇಲೆ ಎರಡು ಗೋಲು ಹೊಡೆದು ತಂಡವನ್ನು ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಒಯ್ದವರು. ತಪ್ಪಿದ ಚೆಂಡನ್ನು ಅವರು ಬಲೆಗೆ ತಳ್ಳಿದರು. ಆಗ ಎದ್ದ ಕೂಗಿಗೆ ಮೇಷ್ಟರ ಕೊಡೆ ಕೈಯಿಂದ ಜಾರಿ ಮುಂದಿನ ಸಾಲಿಗೆ ಬಿದ್ದಿತು. ಹದಿನಾರನೆಯ ನಿಮಿಷದಲ್ಲಿ ಪೆನಾಲ್ಟಿಯಿಂದ ಎರಡನೆಯದು. ವಿರಾಮಕ್ಕೆ ಸ್ವಲ್ಪ ಮೊದಲು ಭಾರತದ ಶಿಕ್ಷಕರಾದ ಸ್ಟಿಮಾಕರು ಎದುರಾಳಿಯು ಗೆರೆಯಾಚೆಯಿಂದ ಎಸೆಯಲಿದ್ದ ಚೆಂಡನ್ನು ಕೈಯಿಂದ ತಟ್ಟಿ, ಗದ್ದಲವಾಗಿ, ಕೆಂಪು ಚೀಟಿ ತೋರಿಸಿಕೊಂಡು ಹೊರಗೆ ಹೋದರು. "ಮೇಷ್ಟರೇ ಹೀಗೆ ಮಾಡಿದರೆ ಹುಡುಗರಿಗೆ ಏನು ಹೇಳುವುದು!" ಎಂದು ನಿವೃತ್ತ ಮುಖ್ಯೋಪಾಧ್ಯಾಯರಿಗೆ ನಿಜವಾಗಿಯೂ ಬೇಸರವಾಯಿತು.

ಮಳೆ ಹಿಡಿದುಕೊಂಡಿತು.

ಬೆಂಗಳೂರಿನ ಜನ ಮಳೆಯನ್ನು ಬಯ್ಯುತ್ತ ತಲೆಯ ಮೇಲೆ ಕೈಗೆ ಸಿಕ್ಕಿದುದನ್ನು ಹೊದ್ದುಕೊಂಡರು. ಮೇಷ್ಟರು ಕೊಡೆ ಬಿಚ್ಚಲಿಲ್ಲ. ಊರಿನಲ್ಲಿ ರೋಹಿಣಿ ಕಳೆದು ಮೃಗಶಿರ ಮುಗಿಯುತ್ತ ಬಂದರೂ ಬಿತ್ತನೆಗೆ ಹದವಾಗಿರಲಿಲ್ಲ. ಇಲ್ಲಿ ಬೇಡದವರ ಮೇಲೆ ಮಳೆ ಸುರಿಯುತ್ತಿತ್ತು. ಅವರ ಕಣ್ಣು ಆಟಗಾರರನ್ನು ಬಿಟ್ಟು ನೆಲದ ಮೇಲೆ ನೆಟ್ಟಿತು. ದೀಪದ ಬೆಳಕಿನಲ್ಲಿ ಹನಿಗಳು ದಾರದಂತೆ ಇಳಿದು ಹುಲ್ಲಿನೊಳಗೆ ಅಡಗುತ್ತಿದ್ದುವು. ಇಂಥ ಬಯಲಿನ ಕೆಳಗೆ ಜಲ್ಲಿ, ಮರಳು, ಕೊಳವೆ ಇರುವುವೆಂದೂ, ನೀರು ಬಿದ್ದೊಡನೆ ಅದನ್ನು ಹೊರಕ್ಕೆ ಸಾಗಿಸುವುದೇ ಆ ಏರ್ಪಾಡೆಂದೂ ಮೊಮ್ಮಗನು ಕಿವಿಯಲ್ಲಿ ಕೂಗಿ ತಿಳಿಸಿದನು. "ಹೊರಕ್ಕೆ ಅಂದರೆ ಎಲ್ಲಿಗೆ?" "ಮೋರಿಗೆ, ತಾತ."

ಮುದುಕರು ತಲೆಯಾಡಿಸಿದರು. ಕೆರೆಯ ಕೆಲಸವು ನೀರನ್ನು ನಿಲ್ಲಿಸುವುದು; ಬಯಲಿನ ಕೆಲಸವು ನೀರನ್ನು ನಿಲ್ಲಗೊಡದೆ ಇರುವುದು. ಒಂದೇ ನೆಲವು ಎರಡನ್ನೂ ಮಾಡಲಾರದು. ಬೆಂಗಳೂರಿಗೆ ಅದರಿಂದ ಆದ ನಷ್ಟವನ್ನು ನೂರು ಕಿಲೋಮೀಟರು ದೂರದ ಕಾವೇರಿಯು ತುಂಬಿಕೊಟ್ಟಳು. ಹೊಸದುರ್ಗದ ಹಳ್ಳಿಗೆ ತುಂಬಿಕೊಡುವವರಾರು? ಅಲ್ಲಿ ಕೊಳವೆಬಾವಿಗಳು ಸಾವಿರ ಅಡಿ ಇಳಿದು ಧೂಳನ್ನು ಕಾರುತ್ತಿದ್ದುವು. ಅಡಿಕೆಯ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಯ್ದು, ಕೊನೆಗೆ ಕೈಸೋತು ಬಿಟ್ಟವರು ಎಷ್ಟೋ ಮಂದಿ. ೨೦೨೨ರಲ್ಲಿ ಮೇಲಂಗಳದಲ್ಲಿ ನೀರು ನಾಲ್ಕೇ ದಿನ ನಿಂತದ್ದೆಂದು ಎಲ್ಲರೂ ಹೇಳಿದರು. ಅದು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಆ ನಾಲ್ಕು ದಿನದ ಮೇಲೆ ಏರಿಯ ಕೆಳಗಿನ ಏಳು ಕೊಳವೆಬಾವಿಗಳಲ್ಲಿ ನೀರು ಮೇಲಕ್ಕೆ ಬಂದಿತ್ತು. ಬೆಟ್ಟದ ಹಳ್ಳವು ಕೆರೆಗೆ ಕೂಡುವುದು ಮೇಲಂಗಳದ ಮೂಲಕವೇ. ಅದನ್ನು ಕೆಮ್ಮಣ್ಣು ಹಾಕಿ ಗಟ್ಟಿಮಾಡಿದರೆ ಹಳ್ಳಕ್ಕೆ ಬೇರೆ ದಾರಿ ತೋರಿಸಬೇಕು. ದಾರಿ ತಪ್ಪಿದ ಹಳ್ಳವು ಮತ್ತೆ ಕೆರೆಗೆ ಬರುವುದೆಂಬ ನೆಚ್ಚಿಕೆಯಿಲ್ಲ.

ಇಷ್ಟೆಲ್ಲವನ್ನು ಅವರು ಯೋಚಿಸುತ್ತಿರುವಾಗ ಎಪ್ಪತ್ತನಾಲ್ಕನೆಯ ನಿಮಿಷದಲ್ಲಿ ಛೇತ್ರಿಯವರು ಮತ್ತೊಂದು ಪೆನಾಲ್ಟಿಯಿಂದ ಮೂರನೆಯ ಗೋಲನ್ನೂ, ಎಂಬತ್ತೊಂದನೆಯದರಲ್ಲಿ ಉದಾಂತ ಸಿಂಗರು ನಾಲ್ಕನೆಯದನ್ನೂ ಹೊಡೆದರು. ಕಾರ್ಖಾನೆಯವರು ಎದ್ದು ನಿಂತು ಎರಡು ಬೆರಳನ್ನು ಬಾಯಿಗಿಟ್ಟು ಸಿಳ್ಳು ಹಾಕಿದ ಬಗೆಯನ್ನು ನೋಡಿದರೆ ಅವರಿಗೆ ಎಪ್ಪತ್ತು ವರ್ಷವಾಗಿದೆಯೆಂದು ಯಾರೂ ಹೇಳಲಾರರು. ಆಟ ಮುಗಿದ ಮೇಲೆ ಪಾಕಿಸ್ತಾನದ ಹುಡುಗರು ನೆನೆದ ಅಂಗಿಗಳಲ್ಲಿ ತಲೆತಗ್ಗಿಸಿ ನಡೆದು ಹೋಗುತ್ತಿದ್ದರು. ಮೇಷ್ಟರು ಅವರಿಗೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹುಡುಗನೊಬ್ಬನು ತಿರುಗಿ ವಿಚಿತ್ರವಾಗಿ ನೋಡಿದನು. "ಬೆಳಗಿನ ಜಾವ ಬಂದು ಇಳಿದ ಮಕ್ಕಳಪ್ಪ" ಎಂದರು. ಹುಡುಗನಿಗೆ ಏನನ್ನಿಸಿತೋ, ಅವನೂ ನಾಲ್ಕು ಸಲ ಕೈತಟ್ಟಿ ಹೊರಟುಹೋದನು.

ಭಾರತವು ಮುಂದೆ ಜುಲೈ ೪ರಂದು ಇದೇ ಅಂಗಣದಲ್ಲಿ ಕುವೈತಿನೊಡನೆ ೧-೧ರಲ್ಲಿ ಸಮನಾಗಿ, ಪೆನಾಲ್ಟಿಗಳಲ್ಲಿ ೫-೪ರಿಂದ ಗೆದ್ದು ಸ್ಯಾಫ್ ಕಪ್ಪನ್ನು ತನ್ನದಾಗಿ ಮಾಡಿಕೊಂಡಿತು. ಅದನ್ನು ಮೇಷ್ಟರು ಊರಿನಲ್ಲಿ, ದೂರದರ್ಶನವಿದ್ದ ಮನೆಯ ಜಗಲಿಯ ಮೇಲೆ ಹುಡುಗರೊಡನೆ ಕುಳಿತು ನೋಡಿದರು. ಅಷ್ಟು ಹೊತ್ತಿಗೆ ಅರ್ಜಿಯ ಕಾಗದವು ಅರ್ಜಿ ಬರೆಸಿದವನ ಕೈಗೆ ಹಿಂದಕ್ಕೆ ಹೋಗಿತ್ತು. ರುಜು ಇರಲಿಲ್ಲ, ಕೆಳಗೆ ಅವರ ದುಂಡಗಿನ ಅಕ್ಷರದಲ್ಲಿ ಮತ್ತೊಂದು ಅರ್ಜಿಯ ಕರಡು ಇತ್ತು. ಶಾಲೆಯ ಹಿಂದಿನ ಗೋಮಾಳದಲ್ಲಿ ಬಯಲು ಮಾಡಬೇಕೆಂದೂ, ಅಲ್ಲಿ ಅಳತೆಗೆ ಸಾಲದ ಜಾಗವನ್ನು ಪಕ್ಕದ ತಮ್ಮ ಬೆದ್ದಲು ಹೊಲದಿಂದ ಬಿಟ್ಟುಕೊಡುವುದಾಗಿಯೂ ಅದರಲ್ಲಿ ಬರೆದಿತ್ತು.

ಗ್ರಾಮಸಭೆಯಲ್ಲಿ ಮಾತು ಬಹಳವಾಯಿತು. ಗೋಮಾಳವೆಂದರೆ ಕಲ್ಲು, ಕೆರೆಯಂಗಳವಾದರೆ ಒಂದು ದಿನದ ಕೆಲಸ. ಮೇಷ್ಟರಿಗೆ ವಯಸ್ಸಾಯಿತೆಂದು ಒಬ್ಬಿಬ್ಬರು ಅಂದರು. ಕಾಲು ಮುರಿದ ಹುಡುಗನ ತಂದೆಯು, "ನೀರು ಬರೋ 'ಯಾವತ್ತೋ ಒಂದಿನ'ಕ್ಕಾಗಿ ನನ್ನ ಮಗ ಇವತ್ತು ರಸ್ತೇಲಿ ಆಡಬೇಕಾ ಮೇಷ್ಟ್ರೇ?" ಎಂದು ಕೇಳಿದನು. ಆ ಪ್ರಶ್ನೆ ನ್ಯಾಯವಾದುದೇ. ಮೇಷ್ಟರು ಅದಕ್ಕೆ ವಾದ ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮಂಕರಿಯನ್ನು ಹಿಡಿದು ಗೋಮಾಳಕ್ಕೆ ಹೋಗಿ ಕಲ್ಲು ಆರಿಸತೊಡಗಿದರು. ಎಪ್ಪತ್ತೆಂಟು ವರ್ಷದ ಉಪಾಧ್ಯಾಯರು ಬಗ್ಗಿ ಕಲ್ಲು ಆರಿಸುತ್ತಿರುವಾಗ ಶಿಷ್ಯರು ಕುಳಿತಿರುವುದು ಹೇಗೆ? ಮೂರನೆಯ ದಿನಕ್ಕೆ ಹುಡುಗರು, ಎಂಟನೆಯ ದಿನಕ್ಕೆ ಹುಡುಗರ ತಂದೆಗಳು. ಆ ತಂದೆಯೂ ಬಂದನು. ದೊಡ್ಡ ಗುಂಡುಗಳಿಗೆ ಯಂತ್ರವನ್ನು ತರಿಸಬೇಕಾಯಿತು.

ಆ ವರ್ಷ ರಾಜ್ಯಕ್ಕೆಲ್ಲ ಬರ ಬಂದಿತು. ಕೆರೆಯಲ್ಲಿ ಒಂದು ಹನಿ ನಿಲ್ಲಲಿಲ್ಲ. "ನಿಮ್ಮ ನೀರೆಲ್ಲಿ ಮೇಷ್ಟ್ರೇ?" ಎಂದು ಕೇಳುವುದು ಊರಿನಲ್ಲಿ ಒಂದು ವಿನೋದವಾಯಿತು. ಅವರೂ ನಗುತ್ತಿದ್ದರು. ೨೦೨೪ರ ಹಿಂಗಾರು ಬಲವಾಗಿ ಹಿಡಿಯಿತು. ೨೦೨೫ರ ಜನವರಿಯಲ್ಲಿ ವಾಣಿವಿಲಾಸ ಸಾಗರವು ತನ್ನ ಚರಿತ್ರೆಯಲ್ಲಿ ಮೂರನೆಯ ಸಲ ಕೋಡಿಬಿದ್ದಿತು. ಈ ಸಲ ಎಂಬತ್ತೊಂಬತ್ತು ವರ್ಷ ಕಾಯಬೇಕಾಗಲಿಲ್ಲ, ಭದ್ರೆಯ ನೀರೂ ಕೂಡಿಕೊಂಡಿತ್ತು. ಹಳ್ಳಿಯ ಕೆರೆಯು ಪೂರ ತುಂಬಲಿಲ್ಲವಾದರೂ ಮೇಲಂಗಳದಲ್ಲಿ ಮೊಣಕಾಲುದ್ದ ನೀರು ಒಂದು ತಿಂಗಳು ನಿಂತಿತು.

ಗೋಮಾಳದ ಬಯಲು ಇನ್ನೂ ಸರಿಯಾದ ಮಟ್ಟಕ್ಕೆ ಬಂದಿಲ್ಲ. ಕೆರೆಯ ಕಡೆಗೆ ಒಂದಿಷ್ಟು ಇಳಿಜಾರಾಗಿದೆ. ಆ ಕಡೆಯ ಗೋಲಿಗೆ ಆಡುವ ತಂಡಕ್ಕೆ ಅನುಕೂಲ ಹೆಚ್ಚೆಂದು ಪ್ರತಿ ಸಾಯಂಕಾಲವೂ ಜಗಳ ನಡೆಯುತ್ತದೆ. ಚೆಂಡು ಗೆರೆ ದಾಟಿತೆಂದರೆ ಉರುಳಿ ಉರುಳಿ ನೀರಿಗೇ ಹೋಗಿ ಬೀಳುವುದು; ಒದ್ದವನೇ ಇಳಿದು ತರಬೇಕೆಂಬುದು ಅಲ್ಲಿಯ ನಿಯಮ.